ಕತ್ತೆ ಲದ್ದಿ ಹೊಲಕ್ಕೆ ಹಾಕಬಹುದಾ? ಚಿತ್ರದುರ್ಗ, ದಾವಣಗೆರೆ ಕಡೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತೆ ಹಾಲಿನ ಸುದ್ದಿ ಜೋರಾದ ಮೇಲೆ ಅದರ ಹಿಂದೆಯೇ ಕತ್ತೆ ಗೊಬ್ಬರದ ಸುದ್ದಿಯೂ ಬಂತು. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ "ಚಿನ್ನದಂಥ ಗೊಬ್ಬರವಂತೆ, ಎಲ್ಲಿ ಸಿಗುತ್ತೆ?" ಎನ್ನುವವರು ಒಂದು ಕಡೆ. ಪುಕ್ಕಟೆ ಕೊಟ್ಟರೂ "ಅಯ್ಯೋ, ಕತ್ತೇದಾ?" ಎಂದು ಮೂಗು ಮುರಿಯುವವರು ಇನ್ನೊಂದು ಕಡೆ. ಇಬ್ಬರೂ ಕೇಳುವ ಪ್ರಶ್ನೆಗಳನ್ನು ಒಟ್ಟಿಗೇ ಇಲ್ಲಿ ಇಟ್ಟಿದ್ದೇವೆ.

ಕತ್ತೆ ಲದ್ದಿ ನಿಜಕ್ಕೂ ಗೊಬ್ಬರ ಆಗುತ್ತಾ?

ಆಗುತ್ತೆ, ಅನುಮಾನ ಬೇಡ. ಆದರೆ ಸಗಣಿಯ ಹಾಗೆ ಅಂದುಕೊಂಡು ಬಳಸಿದರೆ ತೊಂದರೆ. ದನ, ಎಮ್ಮೆ, ಕುರಿ ಮೆಲುಕು ಹಾಕುತ್ತವೆ. ತಿಂದ ಮೇವು ನಾಲ್ಕು ಭಾಗದ ಹೊಟ್ಟೆಯಲ್ಲಿ ನುರಿದು, ಕೊಳೆತು ಆಚೆ ಬರುತ್ತದೆ. ಕತ್ತೆ, ಕುದುರೆ ಮೆಲುಕು ಹಾಕುವುದಿಲ್ಲ. ಅವುಗಳ ಮೇವು ಕೊಳೆಯುವುದು ಹಿಂದೆ, ದೊಡ್ಡ ಕರುಳಿನಲ್ಲಿ. ಹಾಗಾಗಿ ನಾರು ಪೂರ್ತಿ ಕರಗದೆ ಉಳಿಯುತ್ತದೆ. ಒಂದು ಒಣಗಿದ ಲದ್ದಿ ಉಂಡೆ ಎತ್ತಿಕೊಂಡು ಬೆರಳಲ್ಲಿ ಮುರಿದು ನೋಡಿ: ಹುಲ್ಲಿನ ಎಳೆಗಳು, ಸೊಪ್ಪೆಯ ಚೂರು, ಜಾಲಿ ಕಾಯಿ ತಿಂದಿದ್ದರೆ ನಡುವೆ ಮಿರಮಿರ ಮಿಂಚುವ ಕಂದು ಬೀಜ, ಎಲ್ಲ ಕಣ್ಣಿಗೇ ಕಾಣುತ್ತವೆ. ಕುರಿ ಹಿಕ್ಕೆ ಮುರಿದರೆ ಇಷ್ಟು ಒರಟು ನಾರು ಸಿಗುವುದಿಲ್ಲ.

ಈ ನಾರೇ ಅದರ ಗುಣ, ಅದೇ ಅದರ ದೋಷ. ಗಾಳಿ ಆಡುತ್ತದೆ, ಬೇಗ ಕಾಯುತ್ತದೆ, ಹಗುರವಾದ ಗೊಬ್ಬರ ಆಗುತ್ತದೆ. ಆದರೆ ಕಳಿಯದೆ ಹಾಕಿದರೆ ಬೆಳೆಯ ಸಾರಜನಕಕ್ಕೇ ಕೈ ಹಾಕುತ್ತದೆ. ಅದರ ಮಾತು ಮುಂದಿದೆ.

ಕೊಟ್ಟಿಗೆ ಗೊಬ್ಬರ, ಕುರಿ ಗೊಬ್ಬರಕ್ಕಿಂತ ಸತ್ವ ಜಾಸ್ತಿ ಅಂತಾರಲ್ಲ?

ಇಲ್ಲ. ಕತ್ತೆ ಲದ್ದಿಯ ಸತ್ವ ಕುದುರೆ ಲದ್ದಿಯ ಸುತ್ತಮುತ್ತಲೇ ಇರುತ್ತದೆ. ತಾಜಾ ಕುದುರೆ ಲದ್ದಿಯಲ್ಲಿ ಸಾರಜನಕ ಶೇ 0.5ರಿಂದ 0.7. ಚೆನ್ನಾಗಿ ಮಾಡಿದ ಕೊಟ್ಟಿಗೆ ಗೊಬ್ಬರದಲ್ಲೂ ಸಾರಜನಕ ಸುಮಾರು ಶೇ 0.5, ರಂಜಕ ಶೇ 0.2, ಪೊಟ್ಯಾಷ್ ಶೇ 0.5. ಅಂದರೆ ಹೆಚ್ಚುಕಮ್ಮಿ ಒಂದೇ. ಕುರಿ, ಮೇಕೆ ಗೊಬ್ಬರದ್ದು ಬೇರೆ ಲೆಕ್ಕ: ಒಣಗಿದ್ದರಲ್ಲಿ ಸಾರಜನಕ ಶೇ 3ರವರೆಗೆ, ರಂಜಕ ಶೇ 1, ಪೊಟ್ಯಾಷ್ ಶೇ 2 ಎಂದು ಕೃಷಿ ಪುಸ್ತಕಗಳಲ್ಲಿದೆ. ನಮ್ಮ ಸೀಮೆಯಲ್ಲಿ ಕುರಿ ಗೊಬ್ಬರಕ್ಕೆ ಯಾಕೆ ಅಷ್ಟು ಬೇಡಿಕೆ ಅನ್ನೋದು ಇದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು, ಇದು ಕತ್ತೆಗೆ ಮಾತ್ರ ಅನ್ವಯಿಸುವುದಲ್ಲ. ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹಾಕಿದಿರಿ ಅಂತಿಟ್ಟುಕೊಳ್ಳಿ. ಅದರಲ್ಲಿರುವ ಸಾರಜನಕ 15 ಕೆಜಿ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲೇ 20 ಕೆಜಿ ಮೇಲಿದೆ. ಸಾರಜನಕವೊಂದನ್ನೇ ನೋಡಿದರೆ ಮೂರು ಟನ್ ಹೊತ್ತು ತಂದದ್ದು ವ್ಯರ್ಥ ಅನಿಸುತ್ತೆ. ಆದರೆ ಗೊಬ್ಬರ ಹೊಡೆಸುವುದು ಅದೊಂದಕ್ಕೇ ಅಲ್ಲ. ಚಿತ್ರದುರ್ಗದ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಬಿದ್ದ ನೀರು ನಿಲ್ಲುವುದೇ ಇಲ್ಲ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಬರೆದಿರುತ್ತಾರೆ. ಆ ಇಂಗಾಲ ತುಂಬುವುದಕ್ಕೆ, ಎರಡು ಮಳೆಯ ನಡುವೆ ಹಸಿ ಇನ್ನೊಂದೆರಡು ದಿನ ತಡೆಯುವುದಕ್ಕೆ ಗೊಬ್ಬರ ಬೇಕು. ಆ ಕೆಲಸಕ್ಕೆ ನಾರು ಜಾಸ್ತಿ ಇರುವ ಲದ್ದಿ ಯಾವುದಕ್ಕೂ ಕಡಿಮೆಯಿಲ್ಲ.

ಒಂದು ಕತ್ತೆಯಿಂದ ವರ್ಷಕ್ಕೆ ಎಷ್ಟು ಗೊಬ್ಬರ ಸಿಗಬಹುದು?

ವಿಡಿಯೊಗಳಲ್ಲಿ ಯಾರೂ ಹೇಳದ ಲೆಕ್ಕ ಇದು. ನಮ್ಮ ಊರ ಕತ್ತೆ ಸಣ್ಣದು. ದಿನಕ್ಕೆ ಹಸಿ ಲದ್ದಿ ಮೂರರಿಂದ ಐದು ಕೆಜಿ. ನಾಲ್ಕು ಅಂತ ಹಿಡಿದರೆ ವರ್ಷಕ್ಕೆ ಒಂದೂವರೆ ಟನ್ ಹತ್ತಿರ. ಆದರೆ ಕತ್ತೆ ಕಟ್ಟಿಹಾಕಿದ ಎಮ್ಮೆಯಲ್ಲ, ಹಗಲೆಲ್ಲ ರಸ್ತೆ, ಕೆರೆ ಅಂಗಳ, ಬೀಳು ಎಂದು ತಿರುಗುತ್ತದೆ. ಅರ್ಧ ಅಲ್ಲೇ ಹೋಯಿತು. ಉಳಿದ ಏಳುನೂರು ಕೆಜಿ ತಿಪ್ಪೆಯಲ್ಲಿ ಕಳಿತರೆ ತೂಕ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಕೈಗೆ ಸಿಗುವುದು ಮುನ್ನೂರೈವತ್ತು ಕೆಜಿ ಆಸುಪಾಸು.

ಮಳೆಯಾಶ್ರಿತ ಶೇಂಗಾಕ್ಕೋ ರಾಗಿಗೋ ಎಕರೆಗೆ ಮೂರು ಟನ್ ಬೇಕು. ಒಂದೇ ಎಕರೆ ತುಂಬಿಸಲು ಎಂಟೊಂಬತ್ತು ಕತ್ತೆ! ಹೀಗಾಗಿ ಕತ್ತೆ ಗೊಬ್ಬರವನ್ನೇ ನೆಚ್ಚಿಕೊಂಡು ಬೇಸಾಯ ಮಾಡುವ ಮಾತು ಇಲ್ಲಿ ಹುಟ್ಟುವುದೇ ಇಲ್ಲ. ತಿಪ್ಪೆಗೆ ಕೂಡಿಸಿಕೊಳ್ಳುವ ಮಾಲು ಅದು. ಸಿಕ್ಕರೆ ಬಿಡಬೇಡಿ, ಹುಡುಕಿಕೊಂಡು ಹೋಗಬೇಡಿ.

ನಮ್ಮ ಭಾಗದಲ್ಲಿ ಇದನ್ನು ಬಳಸುವವರು ಯಾರು? ಎಲ್ಲಿ ಜಾಸ್ತಿ?

ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು, ಜಗಳೂರು. ಈ ಒಣ ಪಟ್ಟಿಯಲ್ಲಿ ಕತ್ತೆ ಲದ್ದಿ ಹೊಲಕ್ಕೆ ಬರುವುದು ಮುಖ್ಯವಾಗಿ ಕುರಿ ಮಂದೆಯ ಜೊತೆ. ಊರೂರು ತಿರುಗುವ ಕುರಿಗಾರರ ಸಂಸಾರ ಕತ್ತೆ ಬೆನ್ನ ಮೇಲೆ ಇರುತ್ತದೆ: ಬಲೆ, ಗೂಟ, ಕಂಬಳಿ, ಪಾತ್ರೆ, ಹಿಟ್ಟಿನ ಚೀಲ, ನಡೆಯಲಾರದ ಎಳೆ ಮರಿಗಳು. ರಾತ್ರಿ ಯಾರದೋ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರೆ, ಪಕ್ಕದಲ್ಲೇ ಕತ್ತೆಗಳ ಮುಂಗಾಲಿಗೆ ಹಗ್ಗ ಹಾಕಿ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ, ಲದ್ದಿ ಎಲ್ಲ ಹೊಲದಲ್ಲೇ.

ಆದರೆ ವ್ಯವಹಾರದ ಮಾತು ಬಂದಾಗ ಕತ್ತೆಗೆ ಬೆಲೆಯಿಲ್ಲ.

"ಏನಪ್ಪಾ, ನಮ್ಮ ಹೊಲದಾಗೆ ಎರಡು ರಾತ್ರಿ ನಿಲ್ಲಿಸ್ತೀಯಾ?"

"ನಿಲ್ಲಿಸ್ತೀನಿ ಗೌಡ್ರೇ. ಕುರಿ ಎಣಿಸ್ಕೊಂಡು ರೇಟು ಮಾತಾಡಿ."

ಕುರಿ ಎಣಿಸುತ್ತಾರೆ, ಕತ್ತೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅದರಲ್ಲಿ ಅನ್ಯಾಯವೇನೂ ಇಲ್ಲ ಬಿಡಿ. ನಾನೂರು ಕುರಿ ಒಂದು ರಾತ್ರಿಗೆ ಕ್ವಿಂಟಾಲಿಗೂ ಹೆಚ್ಚು ಹಿಕ್ಕೆ ಹಾಕುವ ಕಡೆ ಮೂರು ನಾಲ್ಕು ಕತ್ತೆಯ ಲದ್ದಿ ಒಂದು ಪುಟ್ಟಿ ತುಂಬಿದರೆ ಹೆಚ್ಚು. ಈ ಪದ್ಧತಿಯ ನಿಜವಾದ ಲಾಭ ಗಂಜಲದಲ್ಲಿದೆ. ಗಾಡಿಯಲ್ಲಿ ಹೇರಿ ತಂದ ಗೊಬ್ಬರಕ್ಕೆ ಗಂಜಲ ಬರುವುದಿಲ್ಲ, ಮಂದೆ ನಿಲ್ಲಿಸಿದರೆ ಬರುತ್ತದೆ. ಮಂದೆ ಎದ್ದ ಹಿಂದೆಯೇ ಒಂದು ಸಾಲು ಕುಂಟೆ ಹೊಡೆದು ಮಣ್ಣು ಮುಚ್ಚಿ. ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಹೊಡೆಯುತ್ತಿದೆ ಅಂದರೆ ನೀವು ದುಡ್ಡು ಕೊಟ್ಟದ್ದು ಗಾಳಿಗೆ ಹೋಗುತ್ತಿದೆ ಅಂತಲೇ ಅರ್ಥ.

ದಾವಣಗೆರೆ, ಹರಿಹರದ ಭದ್ರಾ ಅಚ್ಚುಕಟ್ಟಿನಲ್ಲಿ ಬೇರೆ ಕಥೆ. ಭತ್ತ ಕೊಯ್ದ ಗದ್ದೆಗೆ ಕೂಳೆ ಮೇಯಿಸಲು ಹೊರಗಿನ ಮಂದೆಗಳು ಬರುತ್ತವೆ, ಅವುಗಳ ಜೊತೆ ಕತ್ತೆಯೂ ಬರುತ್ತದೆ. ಸ್ಥಳೀಯವಾಗಿ ಕತ್ತೆ ಸಾಕಿದವರು ಬಟ್ಟೆ ಒಗೆಯುವ ಮಡಿವಾಳರು, ಮಣ್ಣು ಇಟ್ಟಿಗೆ ಹೊರಿಸುತ್ತಿದ್ದವರು. ಅವರ ಮನೆಗಳಲ್ಲೂ ಈಗ ಕಂಡರೆ ಅಪರೂಪ. ಇಟ್ಟಿಗೆ ಭಟ್ಟಿಯಲ್ಲಿ ಕತ್ತೆ ದುಡಿಯುವ ಕಡೆ ಲದ್ದಿ ರಾಶಿಯಾಗಿ ಸಿಗುತ್ತದೆ. ಬೂದಿ, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತಿರುತ್ತದೆ, ಜಾಲರಿ ಹಿಡಿದು ಆರಿಸಿಕೊಳ್ಳಬೇಕು.

ಚನ್ನಗಿರಿ ಅಡಿಕೆ ತೋಟಗಳಿಗೆ, ಅಲ್ಲಿಂದಾಚೆ ಮಲೆನಾಡಿನ ತೋಟಗಳಿಗೆ, ಒಣ ತಾಲ್ಲೂಕುಗಳಿಂದ ಲಾರಿಗಟ್ಟಲೆ ಕುರಿ ಗೊಬ್ಬರ ಹೋಗುತ್ತದೆ. ರೊಪ್ಪದಿಂದ ಬಾಚಿ ತುಂಬುವಾಗ ಕತ್ತೆ ಲದ್ದಿಯೂ ಸೇರುತ್ತದೆ, ಮಣ್ಣೂ ಸೇರುತ್ತದೆ, ಹೆಸರು ಮಾತ್ರ ಕುರಿ ಗೊಬ್ಬರ. ಕೊಳ್ಳುವವರು ಒಂದು ಹಿಡಿ ನೀರಿಗೆ ಹಾಕಿ ನೋಡಿ, ಮಣ್ಣು ತಳಕ್ಕೆ ಇಳಿಯುತ್ತದೆ. ಮಾರುವವರಿಗೂ ಒಂದು ಮಾತು: ಶೇ 0.5 ಇಂಗಾಲವೂ ಇಲ್ಲದ ಹೊಲವನ್ನು ಪಕ್ಕದಲ್ಲಿ ಇಟ್ಟುಕೊಂಡು ಇದ್ದ ಗೊಬ್ಬರವನ್ನೆಲ್ಲ ಘಟ್ಟದ ಕಡೆಗೆ ಕಳಿಸುವುದು ನಮಗೆ ಸರಿ ಕಾಣುವುದಿಲ್ಲ. ಕೈಗೆ ಕಾಸು ಬೇಕು, ಒಪ್ಪುತ್ತೇವೆ. ಅರ್ಧವಾದರೂ ಇಟ್ಟುಕೊಳ್ಳಿ.

ಮೊದಲಿನ ಹಾಗೆ ಕತ್ತೆಗಳೇ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಯಾಕೆಂದರೆ ಇಲ್ಲ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರ ಗಣತಿಗೆ 1.2 ಲಕ್ಷಕ್ಕೆ ಇಳಿದವು. ಶೇ 61ರಷ್ಟು ಕುಸಿತ. ಕರ್ನಾಟಕದಲ್ಲಿ ಸುಮಾರು 16 ಸಾವಿರ ಇದ್ದದ್ದು 9 ಸಾವಿರಕ್ಕೆ ಬಂದಿತ್ತು. ಅದೇ 2019ರಲ್ಲಿ ರಾಜ್ಯದ ಕುರಿಗಳು ಒಂದು ಕೋಟಿ ದಾಟಿದ್ದವು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕತ್ತೆ ಹೊರುತ್ತಿದ್ದ ಸಾಮಾನನ್ನು ಈಗ ಲಗೇಜ್ ಆಟೊ, ಟಾಟಾ ಏಸ್ ಹೊರುತ್ತಿವೆ. ಮನೆ ಮನೆಗೆ ವಾಷಿಂಗ್ ಮೆಷಿನ್ ಬಂತು. ಮೇಯಲು ಜಾಗವೂ ಕಡಿಮೆಯಾಯಿತು. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಸುತ್ತಲಿನ ಹಳ್ಳಿಗಳ ಕುರಿ ದನ ಮೇಯುತ್ತಿದ್ದ ಹುಲ್ಲುಗಾವಲು ಅದು. ಮಂದೆ ತಿರುಗುವುದು ಕಡಿಮೆಯಾದ ಮೇಲೆ ಹೊರೆ ಹೊರುವ ಪ್ರಾಣಿಗೆ ಕೆಲಸವೆಲ್ಲಿ?

ಬೇರೆ ಕಡೆ ಹೇಗೆ ಬಳಸುತ್ತಾರೆ?

ದೇಶದಲ್ಲಿ ಕತ್ತೆ ಹೆಚ್ಚಿರುವುದು ರಾಜಸ್ಥಾನ, ಮಹಾರಾಷ್ಟ್ರ, ಉತ್ತರ ಪ್ರದೇಶಗಳಲ್ಲಿ. ಗುಜರಾತಿನಲ್ಲಿ ಹಾಲಾರಿ, ಕಚ್ಛಿ ಎಂಬ ಗುರುತಿಸಲ್ಪಟ್ಟ ತಳಿಗಳೇ ಇವೆ; ಅಲ್ಲೂ ಕತ್ತೆ ನಡೆಯುವುದು ಅಲೆಮಾರಿ ಕುರಿಗಾರರ ಜೊತೆಗೇ. ಯುರೋಪಿನಲ್ಲಿ ಕುದುರೆ ಲದ್ದಿಗೆ ಬೇರೆಯೇ ಗಿರಾಕಿ: ಬಿಳಿ ಬಟನ್ ಅಣಬೆ ಬೆಳೆಯುವವರು. ಬೇಗ ಕಾಯುವ, ನಾರು ಇರುವ ಗುಣ ಅಣಬೆ ಕಾಂಪೋಸ್ಟಿಗೆ ಹೇಳಿ ಮಾಡಿಸಿದಂತಿದೆ.

ಜಗತ್ತಿನಲ್ಲಿ ಅತಿ ಹೆಚ್ಚು ಕತ್ತೆಗಳಿರುವುದು ಇಥಿಯೋಪಿಯಾದಲ್ಲಿ. ಆಫ್ರಿಕಾದಲ್ಲಿ ಕತ್ತೆಗೆ ಬಂದ ಕುತ್ತು ಚೀನಾದ ಔಷಧಿಗೆ ಬೇಕಾದ ಚರ್ಮದ ವ್ಯಾಪಾರ. 2024ರ ಫೆಬ್ರುವರಿಯಲ್ಲಿ ಆಫ್ರಿಕನ್ ಒಕ್ಕೂಟ ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ಹದಿನೈದು ವರ್ಷ ನಿಲ್ಲಿಸಲು ತೀರ್ಮಾನಿಸಿತು.

ಹಸಿ ಲದ್ದಿ ಹಾಕಿದ ಮೇಲೆ ಮೆಕ್ಕೆಜೋಳ ಹಳದಿ ತಿರುಗಿತು. ಯಾಕೆ?

ಮಣ್ಣಿನ ಸೂಕ್ಷ್ಮಜೀವಿಗಳಿಗೆ ನಾರು ಕರಗಿಸಲು ಸಾರಜನಕ ಬೇಕು. ಲದ್ದಿಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಒಳಗೆ ಸಾಲದ್ದಕ್ಕೆ ಮಣ್ಣಿನಲ್ಲಿದ್ದ ಸಾರಜನಕವನ್ನು ಅವು ಎಳೆದುಕೊಳ್ಳುತ್ತವೆ. ಪೈರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗುತ್ತದೆ. ಮೊದಲು ಹಳದಿ ಆಗುವುದು ಕೆಳಗಿನ ಎಲೆ, ತುದಿಯಿಂದ ನಡು ನರದುದ್ದಕ್ಕೂ. ಕೆಲವು ವಾರ ಕಳೆದು ನಾರು ಕರಗಿದ ಮೇಲೆ ಅದೇ ಸಾರಜನಕ ಮತ್ತೆ ಮಣ್ಣಿಗೆ ಬಿಡುಗಡೆಯಾಗುತ್ತದೆ, ಆದರೆ ಜೋಳ ಕಾಯುತ್ತಾ ಕೂರುವುದಿಲ್ಲವಲ್ಲ. ಈಗಾಗಲೇ ಹಾಕಿಬಿಟ್ಟಿದ್ದರೆ ಮಣ್ಣಿನಲ್ಲಿ ಹಸಿ ಇರುವಾಗ ಮೇಲುಗೊಬ್ಬರದ ಯೂರಿಯಾವನ್ನು ಮುಂಚಿತವಾಗಿಯೇ ಕೊಡಿ. ಮುಂದಿನ ಸಲ ಚೆನ್ನಾಗಿ ಕಳಿತ ಮೇಲೆ ಹಾಕಿ.

ಲದ್ದಿ ಕಳಿಯುವಂತೆ ಮಾಡುವುದು ಹೇಗೆ? ಗುಂಡಿ ತೆಗೆಯಬೇಕಾ?

ಗುಂಡಿಗಿಂತ ನೆಲದ ಮೇಲಿನ ರಾಶಿಯೇ ಲದ್ದಿಗೆ ಒಳ್ಳೆಯದು, ಗಾಳಿ ಆಡುತ್ತದೆ. ಬೇವಿನ ಮರವೋ ಹೊಂಗೆ ಮರವೋ ಇರುವ ಕಡೆ, ನೀರು ನಿಲ್ಲದ ಜಾಗ ನೋಡಿ. ತಳಕ್ಕೆ ತೊಗರಿ ಕಟ್ಟಿಗೆ ಅಥವಾ ಜೋಳದ ದಂಟು ಹಾಸಿ. ಅದರ ಮೇಲೆ ಒಂದು ಗೇಣು ಲದ್ದಿ, ಮೇಲೊಂದು ತೆಳು ಪದರ ಹಸಿ ಸಗಣಿ ಅಥವಾ ಕುರಿ ಹಿಕ್ಕೆ, ಹಿಡಿ ಹಿಡಿ ಹೊಲದ ಮಣ್ಣು. ಹೀಗೇ ಎದೆಮಟ್ಟಕ್ಕೆ ಏರಿಸಿ. ಇದಕ್ಕಿಂತ ಸಣ್ಣ ರಾಶಿ ಕಾಯುವುದಿಲ್ಲ. ಒಂದು ಪುಟ್ಟಿ ಲದ್ದಿಯನ್ನು ಮೂಲೆಯಲ್ಲಿ ಸುರಿದು ಆರು ತಿಂಗಳು ಬಿಟ್ಟರೂ ಅದು ಒಣಗಿದ ಲದ್ದಿಯಾಗಿಯೇ ಇರುತ್ತದೆ.

ನಮ್ಮ ಸೀಮೆಯಲ್ಲಿ ತಿಪ್ಪೆ ಕೆಡುವುದು ನೀರು ಜಾಸ್ತಿಯಾಗಿ ಅಲ್ಲ, ಒಣಗಿ. ಲದ್ದಿ ಮೊದಲೇ ಒಣ ಮಾಲು. ಕಟ್ಟುವಾಗಲೇ ಪದರ ಪದರಕ್ಕೂ ನೀರು ಚಿಮುಕಿಸಬೇಕು. ಒಳಗಿನಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದರೆ ಬೆರಳ ಸಂದಿಯಲ್ಲಿ ತೇವ ಕಾಣಬೇಕು, ನೀರು ತೊಟ್ಟಿಕ್ಕಬಾರದು. ಆಮೇಲೆ ತೆಂಗಿನ ಗರಿ ಮುಚ್ಚಿ.

ಮೂರನೇ ದಿನ ಒಂದು ಕಬ್ಬಿಣದ ಹಾರೆಯನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ. ಎಳೆದು ತುದಿ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ರಾಶಿ ಸರಿಯಾಗಿ ಕಾದಿದೆ, ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಇದೆ. ಬೆಚ್ಚಗೆ ಮಾತ್ರ ಇದ್ದರೆ ನೀರು ಸಾಲದು ಅಥವಾ ಸಗಣಿ ಸಾಲದು. ಹಾರೆಗೆ ಬಿಳಿ ಬೂದಿಯಂಥದ್ದು ಅಂಟಿ ಬಂದರೆ ಒಳಗೆ ಒಣಗಿ ಬೂಷ್ಟು ಹಿಡಿದಿದೆ, ಕೂಡಲೇ ಕೆದಕಿ ನೀರು ಕೊಡಬೇಕು. ಎರಡು ವಾರಕ್ಕೊಮ್ಮೆ ಹೊರಗಿನದು ಒಳಗೆ, ಒಳಗಿನದು ಹೊರಗೆ ಬರುವಂತೆ ಮಗುಚಿ. ಕಾವು ಇಳಿದ ಮೇಲೂ ತಿಂಗಳು ಬಿಡಿ. ಒಟ್ಟು ಮೂರು, ಬೇಸಿಗೆಯಾದರೆ ಮೂರೂವರೆ ತಿಂಗಳು. ಲದ್ದಿ ಉಂಡೆಯ ಆಕಾರ ಹೋಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಮುಂಗಾರಿಗೆ ಬೇಕು ಅಂದರೆ ಫೆಬ್ರುವರಿಯಲ್ಲೇ ರಾಶಿ ಕಟ್ಟಬೇಕು. ಮೇ ತಿಂಗಳಲ್ಲಿ ಬಂದು ಕೇಳಿದರೆ ನಮ್ಮ ಹತ್ತಿರ ಉತ್ತರವಿಲ್ಲ.

ಕಾವಿಳಿದ ಗೊಬ್ಬರಕ್ಕೆ ಟ್ರೈಕೋಡರ್ಮಾ ಎಂಬ, ಬೇರಿನ ರೋಗ ತಡೆಯುವ ಶಿಲೀಂಧ್ರ ಬೆರೆಸಬಹುದು, ಕ್ವಿಂಟಾಲಿಗೆ ಒಂದು ಕೆಜಿ. ಬಿಸಿ ರಾಶಿಗೆ ಮಾತ್ರ ಹಾಕಬೇಡಿ, ಬೆಂದುಹೋಗುತ್ತದೆ. ಎರೆಹುಳಕ್ಕೂ ಇದೇ ಮಾತು. ಕಾವಿಳಿದ ಲದ್ದಿಯನ್ನು ಅವು ಇಷ್ಟಪಟ್ಟು ತಿನ್ನುತ್ತವೆ, ಬಿಸಿ ಲದ್ದಿಯಲ್ಲಿ ಸಾಯುತ್ತವೆ.

ಲದ್ದಿ ಹಾಕಿದ ಹೊಲದಲ್ಲಿ ಜಾಲಿ ಗಿಡ ಎದ್ದವು. ಅದರಿಂದಲೇನಾ?

ಅದರಿಂದಲೇ. ಬೇಸಿಗೆಯಲ್ಲಿ ಹುಲ್ಲು ಮುಗಿದ ಮೇಲೆ ಕತ್ತೆ, ಕುರಿ, ಮೇಕೆಗಳಿಗೆ ಬಳ್ಳಾರಿ ಜಾಲಿಯ ಸಿಹಿ ಕಾಯಿಯೇ ಆಧಾರ. ಕಾಯಿ ಅರಗುತ್ತದೆ, ಗಟ್ಟಿ ಸಿಪ್ಪೆಯ ಬೀಜ ಅರಗುವುದಿಲ್ಲ. ಹೊಟ್ಟೆಯಲ್ಲಿ ಹಾದು ಬಂದ ಬೀಜಕ್ಕೆ ಮೊಳೆಯುವುದು ಇನ್ನಷ್ಟು ಸಲೀಸು, ಜೊತೆಗೆ ಗೊಬ್ಬರದ ಹಾಸಿಗೆ ಬೇರೆ. ಕೆರೆ ಅಂಗಳ, ಗೋಮಾಳಗಳಲ್ಲಿ ಈ ಜಾಲಿ ಹಬ್ಬಿದ್ದರಲ್ಲಿ ಜಾನುವಾರಿನ ಪಾಲು ದೊಡ್ಡದು.

ಹೊಲಕ್ಕೆ ಬಿದ್ದ ಮೇಲೆ ಒದ್ದಾಡುವ ಬದಲು ತಿಪ್ಪೆಯಲ್ಲೇ ಕೆಲಸ ಮುಗಿಸಿ. ರಾಶಿಯ ನಡುವಿನ ಕಾವಿಗೆ ತೇವ ಹೀರಿದ ಬೀಜ ಬಹುಪಾಲು ಸಾಯುತ್ತದೆ, ಅಂಚಿನಲ್ಲಿದ್ದದ್ದು ಬದುಕುತ್ತದೆ. ಮಗುಚಲೇಬೇಕು ಎಂದು ಒತ್ತಿ ಹೇಳುವುದು ಇದಕ್ಕೇ. ಕಾವು ಇಳಿದ ರಾಶಿಗೆ ಒಮ್ಮೆ ಚೆನ್ನಾಗಿ ನೀರು ಕೊಟ್ಟು ಹತ್ತು ಹದಿನೈದು ದಿನ ಬಿಡಿ. ಉಳಿದವು ಮೊಳೆತು ಮೇಲೆ ಬರುತ್ತವೆ. ಎರಡೆಲೆ ಇರುವಾಗ ಎರಡು ಬೆರಳಲ್ಲಿ ಹಿಡಿದರೆ ಬೇರು ಸಮೇತ ಬರುತ್ತದೆ. ಅದೇ ಗಿಡ ಹೊಲದಲ್ಲಿ ಮೊಣಕಾಲೆತ್ತರ ಆದ ಮೇಲೆ ಗುದ್ದಲಿಯೇ ಬೇಕು, ಮುಳ್ಳೂ ಚುಚ್ಚುತ್ತದೆ, ಬುಡದಲ್ಲಿ ಕಡಿದರೆ ಮತ್ತೆ ಚಿಗುರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಲದ್ದಿಯನ್ನು ಬೇರೆ ರಾಶಿ ಮಾಡಿಟ್ಟು ಅದಕ್ಕೆ ಹೆಚ್ಚು ಸಮಯ ಕೊಟ್ಟರೆ ಇನ್ನೂ ಒಳ್ಳೆಯದು.

ಗೊಣ್ಣೆ ಹುಳು ಬರುತ್ತಾ?

ಅರೆಬರೆ ಕಳಿತ ಯಾವ ಗೊಬ್ಬರದಲ್ಲೂ ಬರುತ್ತದೆ. ಶೇಂಗಾ, ಅಡಿಕೆ ಬೆಳೆಯುವವರು ಹುಷಾರಾಗಿರಬೇಕು. ತೆಂಗಿಗೆ ಕಾಟ ಕೊಡುವ ರೈನೋಸರಸ್ ದುಂಬಿ ಮೊಟ್ಟೆ ಇಡುವುದೂ ತಿಪ್ಪೆಯಲ್ಲೇ. ಮಗುಚುವಾಗ ಇಂಗ್ಲಿಷ್ ಸಿ ಅಕ್ಷರದ ಹಾಗೆ ಬಾಗಿದ ಬಿಳಿ ಹುಳ ಕಂಡರೆ ಕೋಳಿ ಬಿಡಿ, ಒಂದು ಗಂಟೆಯಲ್ಲಿ ಚೊಕ್ಕ ಮಾಡುತ್ತವೆ. ತಿಪ್ಪೆಗೆ ಹುಳ ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರ ಬೆರೆಸುವುದೂ ಉಂಟು.

ಯಾವ ಬೆಳೆಗೆ ಹೊಂದುತ್ತೆ?

ಕಳಿತದ್ದು ಎಲ್ಲದಕ್ಕೂ. ಶೇಂಗಾ, ರಾಗಿ, ಮೆಕ್ಕೆಜೋಳಕ್ಕೆ ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹರಡಿ, ಅಂದೇ ಉಳುಮೆ ಮಾಡಿ ಮಣ್ಣಿಗೆ ಸೇರಿಸಿ; ಸಣ್ಣ ಸಣ್ಣ ಗುಡ್ಡೆ ಮಾಡಿ ತಿಂಗಳಾನುಗಟ್ಟಲೆ ಬಿಸಿಲಿಗೆ ಬಿಡುವ ಅಭ್ಯಾಸ ಬಿಡಿ. ಅಡಿಕೆಗೆ ಮರಕ್ಕೆ ವರ್ಷಕ್ಕೆ 12 ಕೆಜಿ ಕೊಟ್ಟಿಗೆ ಗೊಬ್ಬರ, 12 ಕೆಜಿ ಹಸಿರೆಲೆ ಎಂಬ ಶಿಫಾರಸಿದೆ, ಆ 12ರಲ್ಲಿ ಲದ್ದಿ ಗೊಬ್ಬರವೂ ಸೇರಬಹುದು. ಹಿರಿಯೂರು, ಹೊಸದುರ್ಗದ ದಾಳಿಂಬೆ ತೋಟದವರು ಟ್ರೈಕೋಡರ್ಮಾ ಬೆರೆಸಿದ್ದನ್ನೇ ಹಾಕಲಿ, ಸೊರಗು ರೋಗದ ಭಯವಿದೆ. ಈರುಳ್ಳಿಗೆ ಹಸಿ ಗೊಬ್ಬರ ಯಾವುದೂ ಬೇಡವೇ ಬೇಡ: ನೊಣ, ಕೊಳೆ ಎರಡನ್ನೂ ಕರೆದಂತೆ.

ಲದ್ದಿ ಮುಟ್ಟಿದರೆ ಧನುರ್ವಾಯು ಬರುತ್ತೆ ಅಂತಾರೆ, ನಿಜವಾ?

ಮುಟ್ಟಿದರೆ ಬರುವುದಿಲ್ಲ, ಗಾಯದೊಳಗೆ ಹೋದರೆ ಬರಬಹುದು. ಈ ಪುಟದಲ್ಲಿ ಬೇರೆ ಯಾವುದು ಮರೆತರೂ ಇದನ್ನು ಮರೆಯಬೇಡಿ. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿಯೂ, ಕುದುರೆ ಕತ್ತೆಯಂಥ ಪ್ರಾಣಿಗಳ ಕರುಳಿನಲ್ಲಿಯೂ ಇರುತ್ತದೆ. ಅದರ ಬೀಜಕಣಗಳು ತಿಪ್ಪೆಯ ಕಾವಿಗೂ ಸಾಯುವುದಿಲ್ಲ. ಬರಿಗಾಲಲ್ಲಿ ತಿಪ್ಪೆ ತುಳಿಯುವುದು, ಒಡೆದ ಹಿಮ್ಮಡಿ, ಜಾಲಿ ಮುಳ್ಳು, ತುಕ್ಕು ಹಿಡಿದ ಗುದ್ದಲಿ, ನಮ್ಮಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ.

ಗಮ್‌ಬೂಟು, ಕೈಗವಸು ಹಾಕಿಕೊಳ್ಳಿ. ಗಾಯವಾದರೆ ಸೋಪು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಮಣ್ಣು, ಸಗಣಿ ಮೆತ್ತಬೇಡಿ. ಮೊದಲು ಟಿಟಿ ಎನ್ನುತ್ತಿದ್ದ ಚುಚ್ಚುಮದ್ದು ಈಗ ಟಿಡಿ ಎಂದು ಸಿಗುತ್ತದೆ. ಪೂರ್ತಿ ಲಸಿಕೆ ಆದವರೂ ಹತ್ತು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕು. ಗಾಯ ಗಲೀಜಾಗಿದ್ದು, ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಡಾಕ್ಟರು ಇನ್ನೊಂದು ಕೊಡುತ್ತಾರೆ. ಕೂಲಿಗೆ ಬಂದವರಿಗೂ ಇದೇ ಕಾಳಜಿ ಇರಲಿ.

ಕತ್ತೆ ಲದ್ದಿ ಹೊಲಕ್ಕೆ ಅಪಶಕುನ ಅಂತ ಮನೇಲಿ ಅಜ್ಜಿ ಬೇಡ ಅಂತಿದ್ದಾರೆ.

ಅಜ್ಜಿಯ ಮಾತಿಗೆ ಹಳೆಯ ಬೇರಿದೆ. ಸೋತ ಶತ್ರುವಿನ ಊರನ್ನು ಕತ್ತೆ ಕಟ್ಟಿ ಉಳುವುದು ಒಂದು ಕಾಲದಲ್ಲಿ ಅವಮಾನದ ಪರಮಾವಧಿ. ಕಳಿಂಗದ ರಾಜ ಖಾರವೇಲ ಪಿಥುಂಡ ಎಂಬ ನಗರವನ್ನು ಕತ್ತೆ ನೇಗಿಲಿನಿಂದ ಉಳುಮೆ ಮಾಡಿಸಿದ ಎಂದು ಒಡಿಶಾದ ಹಾಥಿಗುಂಫಾ ಶಾಸನದಲ್ಲಿದೆ. ದಾನ ಕೊಟ್ಟ ಭೂಮಿಗೆ ಕೈ ಹಾಕಿದವರಿಗೆ ಕತ್ತೆಯ ಹೆಸರಲ್ಲಿ ಶಾಪ ಹಾಕಿದ ಕಲ್ಲುಗಳು ಮಹಾರಾಷ್ಟ್ರ, ಕೊಂಕಣದಲ್ಲಿ ಸಿಗುತ್ತವೆ. ಅಂದರೆ ಕತ್ತೆ ಮತ್ತು ಹೊಲದ ನಂಟು ಕೆಟ್ಟದ್ದು ಎಂಬ ಭಾವನೆ ಸಾವಿರಾರು ವರ್ಷ ಹಳೆಯದು.

ಆದರೆ ಮಳೆ ಬಾರದಿದ್ದಾಗ ಕತ್ತೆಗೆ ಬಾಸಿಂಗ ಕಟ್ಟಿ ಮದುವೆ ಮಾಡಿಸಿ ಮೆರವಣಿಗೆ ಹೊರಡಿಸುವವರೂ ನಾವೇ. ಮಳೆ ತರುವ ಪ್ರಾಣಿ ಲದ್ದಿ ಹಾಕಿದರೆ ಮಾತ್ರ ಹೊಲ ಕೆಡುತ್ತದೆಯೇ ಎಂದು ಅಜ್ಜಿಯನ್ನು ಕೇಳಿ ನೋಡಿ. ಒಪ್ಪದಿದ್ದರೆ ಲದ್ದಿ ಪೂರ್ತಿ ಕಳಿಯುವವರೆಗೆ ಬಿಟ್ಟು ಆಮೇಲೆ ಹಾಕಿ. ಕಳಿತ ಮೇಲೆ ಯಾವ ಪ್ರಾಣಿಯದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಕತ್ತೆ ಲದ್ದಿಯಲ್ಲಿ ಜೀವಾಮೃತ ಮಾಡಬಹುದಾ?

ಬೇಡ. ಆ ದ್ರವ ಗೊಬ್ಬರದ ಸೂತ್ರ ನಾಟಿ ಹಸುವಿನ ಸಗಣಿ, ಗಂಜಲಕ್ಕೆ ಕಟ್ಟಿದ್ದು. ಲದ್ದಿ ಡ್ರಮ್ಮಿನಲ್ಲಿ ತೇಲುತ್ತದೆ, ಡ್ರಿಪ್ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಅದರ ಜಾಗ ತಿಪ್ಪೆ.

ಕುಂಡ, ಕೈತೋಟಕ್ಕೆ?

ಪೂರ್ತಿ ಕಳಿತದ್ದನ್ನು ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು. ಹಸಿಯದು ಹಾಕಿದರೆ ಕುಂಡದ ಸಣ್ಣ ಜಾಗದಲ್ಲಿ ಬೇರು ಸುಡುತ್ತದೆ. ಕೊತ್ತಂಬರಿ, ಮೂಲಂಗಿಯಂಥ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಯಾವ ಹಸಿ ಗೊಬ್ಬರವೂ ಕೂಡದು.

ಆನ್‌ಲೈನಿನಲ್ಲಿ ಕತ್ತೆ ಗೊಬ್ಬರದ ಪ್ಯಾಕೆಟ್ ಮಾರುತ್ತಾರೆ. ತರಿಸಬಹುದಾ?

ದುಡ್ಡು ನಿಮ್ಮದು. ಸತ್ವದ ಲೆಕ್ಕ ಮೇಲೆ ಕೊಟ್ಟಿದ್ದೇವೆ, ಕೊಟ್ಟಿಗೆ ಗೊಬ್ಬರಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಲು ಕಾರಣ ಕಾಣುವುದಿಲ್ಲ. ಸಾವಯವ ಗೊಬ್ಬರ ಪ್ಯಾಕ್ ಮಾಡಿ ಮಾರುವವರು 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ಒಳಪಡುತ್ತಾರೆ. ಚೀಲದ ಮೇಲೆ ತೇವಾಂಶ, ಸಾವಯವ ಇಂಗಾಲ, ಇಂಗಾಲ–ಸಾರಜನಕದ ಅನುಪಾತ ನಮೂದಾಗಿದೆಯೇ ನೋಡಿ. ಆ ಅನುಪಾತ 20ರ ಒಳಗಿದ್ದರೆ ಕಳಿತಿದೆ ಅಂತ. ಏನೂ ಬರೆಯದೆ ಕತ್ತೆಯ ಫೋಟೊ ಮಾತ್ರ ಇದ್ದರೆ ಫೋಟೊಗೆ ದುಡ್ಡು ಕೊಟ್ಟ ಹಾಗೆ.

ಹಾಲು, ಗೊಬ್ಬರ ಎರಡೂ ಆಗುತ್ತೆ ಅಂತ ಕತ್ತೆ ಫಾರ್ಮ್ ಮಾಡೋಣ ಅಂತಿದ್ದೇನೆ.

ನಿಧಾನ. 2024ರಲ್ಲಿ ಹೊಸಪೇಟೆಯಲ್ಲಿ ಏನಾಯಿತು ಎಂಬುದು ನೆನಪಿರಲಿ: ಕತ್ತೆ ಕೊಡುತ್ತೇವೆ, ಹಾಲು ನಾವೇ ಕೊಳ್ಳುತ್ತೇವೆ ಎಂದು ರೈತರಿಂದ ಲಕ್ಷಗಟ್ಟಲೆ ಕಟ್ಟಿಸಿಕೊಂಡ ವ್ಯವಹಾರ ಪೊಲೀಸ್ ಠಾಣೆ ಮುಟ್ಟಿತು. ಅಂಥ ಯೋಜನೆಗಳ ಕರಪತ್ರದಲ್ಲಿ ಗೊಬ್ಬರದ ಆದಾಯವನ್ನೂ ಒಂದು ಸಾಲಾಗಿ ಸೇರಿಸಿರುತ್ತಾರೆ. ಕತ್ತೆಗೆ ವರ್ಷಕ್ಕೆ ಏಳುನೂರು ಕೆಜಿ ಗೊಬ್ಬರ, ಫಾರ್ಮಿನಲ್ಲಿ ಕಟ್ಟಿ ಸಾಕಿ ಪೂರ್ತಿ ಲದ್ದಿ ಸಿಕ್ಕರೂ ಅಷ್ಟೇ. ಒಂದು ಕತ್ತೆಯ ಒಂದು ತಿಂಗಳ ಮೇವಿನ ಖರ್ಚು ಎದುರಿಗಿಟ್ಟು ನೀವೇ ಗುಣಿಸಿ. ಗೊಬ್ಬರವೇ ಬೇಕಿದ್ದರೆ ಅದೇ ದುಡ್ಡಿಗೆ ಹತ್ತು ಕುರಿ ಕಟ್ಟಿ.

ನಮ್ಮ ಊರಿನ ಕತ್ತೆಗೆ ಮೂಗಲ್ಲಿ ಕೀವು ಸೋರುತ್ತಿದೆ. ಅದರ ಲದ್ದಿ ಬಳಸಬಹುದಾ?

ಮುಟ್ಟಲೇಬೇಡಿ, ತಿಪ್ಪೆಗೂ ಸೇರಿಸಬೇಡಿ. ಕುದುರೆ, ಕತ್ತೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ರೋಗದ ಲಕ್ಷಣ ಹೀಗಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಪರೀಕ್ಷೆ ಆಗುವವರೆಗೆ ಆ ಕತ್ತೆಯನ್ನು ಬೇರೆ ಕತ್ತೆ, ಕುದುರೆಗಳಿಂದ ದೂರ ಕಟ್ಟಿ.

ಗೊಬ್ಬರ ಎಷ್ಟು ಹಾಕಬೇಕು ಅಂತ ನಮ್ಮ ಹೊಲಕ್ಕೇ ಹೇಳುವವರು ಯಾರಿದ್ದಾರೆ?

ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಹತ್ತಿರದ್ದು ಬೇಕೆಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಹೊಲದ ಏಳೆಂಟು ಕಡೆ ಇಂಗ್ಲಿಷ್ ವಿ ಆಕಾರದಲ್ಲಿ ಒಂದು ಗೇಣು ಆಳ ಅಗೆದು, ಪಕ್ಕದ ಗೋಡೆಯಿಂದ ಮಣ್ಣು ಕೆರೆದು, ಬೆರೆಸಿ, ನೆರಳಲ್ಲಿ ಒಣಗಿಸಿದ ಅರ್ಧ ಕೆಜಿ ಮಣ್ಣು ಬಟ್ಟೆ ಚೀಲದಲ್ಲಿರಲಿ. ಬದುವಿನ ಪಕ್ಕ, ಮರದ ಬುಡ, ಹೋದ ವರ್ಷ ತಿಪ್ಪೆ ಇದ್ದ ಜಾಗ, ಮಂದೆ ನಿಲ್ಲಿಸಿದ ಜಾಗ, ಇಲ್ಲೆಲ್ಲ ಮಣ್ಣು ತೆಗೆಯಬೇಡಿ.